ಕ್ರಯಪತ್ರಕ್ಕೆ ಮುನ್ನ ನೆಲದ ಪರೀಕ್ಷೆ

ಹಳೆಯ ಕಾರ್ಖಾನೆಯೊಂದನ್ನು ಕೊಳ್ಳಲು ಹೊರಟ ಉದ್ಯಮಿಯು ದಶಕಗಳ ದಾಖಲೆಗಳನ್ನು ವಕೀಲರ ಮುಂದಿಡುತ್ತಾನೆ. ಋಣಭಾರ ಪತ್ರ, ಖಾತೆ, ತೆರಿಗೆ ರಸೀದಿ, ವಿದ್ಯುತ್ ಬಾಕಿ ಎಲ್ಲವೂ ಪರಿಶೀಲನೆಗೆ ಒಳಪಡುತ್ತವೆ. ಆದರೆ ಆ ನೆಲದ ಅಡಿಯಲ್ಲಿ ಏನಿದೆ ಎಂದು ಕೇಳುವವರು ವಿರಳ. ಜನರೇಟರಿಗೆ ಡೀಸೆಲ್, ಬಾಯ್ಲರಿಗೆ ಫರ್ನೇಸ್ ಎಣ್ಣೆ, ಯಂತ್ರಗಳಿಗೆ ಕೀಲೆಣ್ಣೆ ಇವೆಲ್ಲ ವರ್ಷಾನುಗಟ್ಟಲೆ ಬಳಕೆಯಾದ ಜಾಗದಲ್ಲಿ ಈ ಪ್ರಶ್ನೆಯನ್ನು ಕೈಬಿಡುವುದು ಶುದ್ಧ ವ್ಯಾಪಾರ ದೃಷ್ಟಿಯಿಂದಲೂ ಅವಿವೇಕ. ಕೈಗಾರಿಕಾ ಆಸ್ತಿಯ ಕ್ರಯಕ್ಕೆ ಅಥವಾ ಲೀಸಿಗೆ ಮುನ್ನ ಮಣ್ಣು ಮತ್ತು ಅಂತರ್ಜಲದ ತನಿಖೆಯು ದಾಖಲೆ ಪರಿಶೀಲನೆಯಷ್ಟೇ ಸಹಜ ಕ್ರಮವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

1934ರ ಪೆಟ್ರೋಲಿಯಂ ಕಾಯಿದೆಯಂತೆ, ಯಾವ ಪಾತ್ರೆಯೂ 1,000 ಲೀಟರ್ ಮೀರದಿದ್ದಲ್ಲಿ ಒಂದೇ ಸ್ಥಳದಲ್ಲಿ ಒಟ್ಟು 2,500 ಲೀಟರ್‌ವರೆಗೆ ಡೀಸೆಲ್ ಇಟ್ಟುಕೊಳ್ಳಲು ಪರವಾನಗಿಯ ಅಗತ್ಯವಿಲ್ಲ. ಸಣ್ಣ ಉದ್ಯಮಕ್ಕೆ ಇದು ದೊಡ್ಡ ಅನುಕೂಲವೇ ಸರಿ. ಆದರೆ ಪರವಾನಗಿ ಇಲ್ಲದ ಕಡೆ ಅನುಮೋದಿತ ನಕ್ಷೆಯೂ ತಪಾಸಣೆಯ ದಾಖಲೆಯೂ ಸಾಮಾನ್ಯವಾಗಿ ಇರುವುದಿಲ್ಲ. ಮಾಲೀಕರು ಬದಲಾದಂತೆ ಬ್ಯಾರೆಲ್ಲುಗಳನ್ನು ಎಲ್ಲಿ ಇಡಲಾಗಿತ್ತು, ಎಲ್ಲಿ ಸೋರಿತು ಎಂಬ ನೆನಪೂ ಅಳಿಸಿಹೋಗುತ್ತದೆ.

ನೆಲಕ್ಕಿಳಿದ ಎಣ್ಣೆ ಮಾತ್ರ ಅಳಿಸಿಹೋಗುವುದಿಲ್ಲ. ನೀರಿಗಿಂತ ಹಗುರವಾದ್ದರಿಂದ ಅದು ಅಂತರ್ಜಲದ ಮೇಲೆ ತೇಲುತ್ತದೆ. ಬೆಂಜೀನ್‌ನಂತಹ ಅಂಶಗಳು ಕರಗಿ ನೀರಿನೊಡನೆ ಸಾಗುತ್ತವೆ. ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ನಮ್ಮ ಪೆಟ್ರೋಲಿನಲ್ಲಿ ಶೇಕಡಾ 1ರವರೆಗೆ ಬೆಂಜೀನ್‌ಗೆ ಅವಕಾಶವಿದೆ. ಲೆಕ್ಕ ಹಾಕಿದರೆ, ಒಂದು ಲೀಟರ್ ಪೆಟ್ರೋಲಿನ ಬೆಂಜೀನ್ ಸುಮಾರು 8 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ಡೀಸೆಲ್‌ನಲ್ಲಿ ಬೆಂಜೀನ್ ಬಹಳ ಕಡಿಮೆ. ಆದರೆ ಅದು ಬೇಗ ಆವಿಯಾಗದೆ ಮಣ್ಣಿನಲ್ಲಿ ದೀರ್ಘಕಾಲ ಉಳಿಯುತ್ತದೆ. ನಮ್ಮ ಬಯಲುಸೀಮೆಯ ಬಹುಭಾಗದಲ್ಲಿ ಅಂತರ್ಜಲವು ಗಟ್ಟಿಶಿಲೆಯ ಬಿರುಕುಗಳಲ್ಲಿ ಹರಿಯುವುದರಿಂದ ನಮ್ಮ ಆವರಣದ ಎಣ್ಣೆಯು ನೆರೆಯವರ ಕೊಳವೆಬಾವಿಯಲ್ಲಿ ಕಾಣಿಸಿಕೊಳ್ಳುವ ಸಂಭವವೂ ಉಂಟು.

ಇದು ಕೇವಲ ಊಹೆಯ ಮಾತಲ್ಲ. 2013ರಲ್ಲಿ ಚೆನ್ನೈನ ತೊಂಡೈಯಾರ್‌ಪೇಟೆಯಲ್ಲಿ ನೆಲದಡಿಯ ತೈಲ ಕೊಳವೆ ಸೋರಿ, ನಿವಾಸಿಗಳ ಬಾವಿಗಳ ನೀರಿನಲ್ಲಿ ಇಂಧನ ಬೆರೆತಿತ್ತು. ಆ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅಮೆರಿಕದಲ್ಲಿ 1980ರ ದಶಕದಿಂದ ಈಚೆಗೆ ಭೂಗತ ಟ್ಯಾಂಕುಗಳ 5 ಲಕ್ಷಕ್ಕೂ ಹೆಚ್ಚು ಸೋರಿಕೆಗಳು ದೃಢಪಟ್ಟಿವೆ. ಅಲ್ಲಿ ವಾಣಿಜ್ಯ ಆಸ್ತಿ ಕೊಳ್ಳುವವರು ಮೊದಲು ಆ ಸ್ಥಳದ ಪರಿಸರ ಇತಿಹಾಸದ ವರದಿ ಕೇಳುವುದು ರೂಢಿಯೇ ಆಗಿದೆ.

ತನಿಖೆ ಎಂದೊಡನೆ ಭಾರೀ ವೆಚ್ಚವೆಂದು ಹಿಂಜರಿಯಬೇಕಾಗಿಲ್ಲ. ಮೊದಲ ಹಂತದಲ್ಲಿ ನೆಲ ಅಗೆಯುವ ಪ್ರಮೇಯವೇ ಇಲ್ಲ. ಹಳೆಯ ನಕ್ಷೆ ಹಾಗೂ ಇಂಧನದ ಬಿಲ್ಲುಗಳ ಪರಿಶೀಲನೆ, ಹಿರಿಯ ಕಾರ್ಮಿಕರೊಡನೆ ಮಾತುಕತೆ, ಆವರಣದ ವೀಕ್ಷಣೆ ಇಷ್ಟೇ ಸಾಕು. ಅನುಮಾನಕ್ಕೆ ಕಾರಣ ಕಂಡರೆ ಮಾತ್ರ ಎರಡನೆಯ ಹಂತ. ಟ್ಯಾಂಕಿನ ಗುಂಡಿ, ಕೊಳವೆಯ ಜೋಡಣೆ, ಜನರೇಟರ್ ಕೊಠಡಿ, ಚರಂಡಿಯ ತುದಿ ಇಂತಹ ಕಡೆಗಳಲ್ಲಿ ಕೊರೆದು, ಬೇರೆ ಬೇರೆ ಆಳಗಳ ಮಣ್ಣಿನ ಮಾದರಿಗಳನ್ನು ತೆಗೆಯಬೇಕು. ನೀರು ಹರಿಯುವ ದಿಕ್ಕನ್ನು ತಿಳಿಯಲು ಒಂದೇ ಸಾಲಿನಲ್ಲಿರದ ಕನಿಷ್ಠ ಮೂರು ವೀಕ್ಷಣಾ ಬಾವಿಗಳು ಬೇಕು. ಮಾದರಿಯಿಂದ ಆವಿ ತಪ್ಪಿಸಿಕೊಂಡರೆ ವರದಿಯು ಸುಳ್ಳಾಗುತ್ತದೆ. ಆದುದರಿಂದ ನೀರಿನ ಸೀಸೆಯನ್ನು ಗಾಳಿಗೆ ಎಡೆಯಿಲ್ಲದಂತೆ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿರಿಸಿ, ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಶೀಘ್ರವಾಗಿ ಕಳುಹಿಸತಕ್ಕದ್ದು. ಮಳೆಗಾಲದಲ್ಲಿ ನೀರಿನ ಮಟ್ಟ ಏರಿಳಿಯುವುದರಿಂದ ಒಂದೇ ಋತುವಿನ ಫಲಿತಾಂಶವನ್ನು ಅಂತಿಮವೆಂದು ಭಾವಿಸಬಾರದು.

"ಹುಡುಕಿದರೆ ತಾನೇ ತೊಂದರೆ, ಸುಮ್ಮನಿದ್ದರೆ ಏನಾದೀತು?" ಎಂಬ ಮಾತು ನಮ್ಮ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಈ ಆತಂಕ ನಿರಾಧಾರವೆಂದು ನಾನು ಹೇಳಲಾರೆ. ಸಣ್ಣ ಬಂಡವಾಳದವನಿಗೆ ನೆಲ ಶುದ್ಧೀಕರಣದ ವೆಚ್ಚ ಉದ್ಯಮವನ್ನೇ ಮುಳುಗಿಸಬಹುದು. ಆದರೆ ಕೇಂದ್ರ ಸರ್ಕಾರವು 2025ರಲ್ಲಿ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದೆ. ಮಾಲಿನ್ಯಕ್ಕೆ ಕಾರಣನಾದವನೇ ಅದರ ಪರಿಹಾರದ ವೆಚ್ಚ ಭರಿಸಬೇಕೆಂಬುದು ಅವುಗಳ ತಿರುಳು. ಹೀಗಿರುವಾಗ ಮಾಲಿನ್ಯ ತನ್ನ ಕಾಲದ್ದಲ್ಲವೆಂದು ತೋರಿಸಲು ಉದ್ಯಮಿಗೆ ಯಾವ ಆಧಾರವಿದೆ? ಸ್ವಾಧೀನಕ್ಕೆ ಬಂದ ದಿನದ ನೆಲದ ವರದಿಯೊಂದೇ ಬಲವಾದ ಆಧಾರ. ಮಾರುವವನಿಗೂ ಅದು ಅಷ್ಟೇ ಉಪಯುಕ್ತ. ನಾಳೆ ಕೊಂಡವನು ಚೆಲ್ಲಿದ ಎಣ್ಣೆಗೆ ಇಂದು ಮಾರಿದವನು ಉತ್ತರಿಸುವ ಪ್ರಸಂಗ ಅದರಿಂದ ತಪ್ಪುತ್ತದೆ.

ಈ ದಿಸೆಯಲ್ಲಿ ನಮ್ಮ ವಾಣಿಜ್ಯ ಸಂಸ್ಥೆಯು ಮೂರು ಕೆಲಸಗಳನ್ನು ಕೈಗೊಳ್ಳಬಹುದು. ಮೊದಲನೆಯದಾಗಿ, ಒಂದೇ ಕೈಗಾರಿಕಾ ವಸಾಹತಿನ ಹಲವು ಸದಸ್ಯರು ಕೂಡಿ ತನಿಖೆ ನಡೆಸಿ ವೆಚ್ಚ ಹಂಚಿಕೊಳ್ಳುವ ವ್ಯವಸ್ಥೆ. ಎರಡನೆಯದಾಗಿ, ಕ್ರಯಪತ್ರ ಹಾಗೂ ಲೀಸ್ ಪತ್ರಗಳಲ್ಲಿ ಸೇರಿಸತಕ್ಕ ಮಾದರಿ ಷರತ್ತಿನ ಕರಡು. ಮೂರನೆಯದಾಗಿ, ತಾವಾಗಿ ಪರೀಕ್ಷಿಸಿ ವರದಿ ಸಲ್ಲಿಸುವ ಸಣ್ಣ ಉದ್ಯಮಿಗಳಿಗೆ ದಂಡಕ್ಕೆ ಬದಲಾಗಿ ಕಾಲಾವಕಾಶವನ್ನೂ ಕಡಿಮೆ ಬಡ್ಡಿಯ ಸಾಲವನ್ನೂ ಒದಗಿಸಬೇಕೆಂದು ಸರ್ಕಾರಕ್ಕೆ ಮನವಿ.

ಸಾಲವಿರುವ ಆಸ್ತಿಯನ್ನು ತಿಳಿಯದೆ ಕೊಂಡವನು ಮೋಸಹೋದನೆಂದು ನಾವು ಮರುಗುತ್ತೇವೆ. ನೆಲದಡಿಯ ಎಣ್ಣೆಯೂ ಒಂದು ಋಣಭಾರವೇ, ಆದರೆ ಯಾವ ನೋಂದಣಿ ಕಚೇರಿಯಲ್ಲೂ ಅದು ದಾಖಲಾಗಿರುವುದಿಲ್ಲ. ಮುಂಗಡ ಹಣ ಕೊಡುವ ಮುನ್ನ ಅದನ್ನು ನಾವೇ ಹುಡುಕಿಕೊಳ್ಳಬೇಕು.