ಬೆಕ್ಕು ತಾನೇ ಎನ್ನುವ ಮೊದಲು

ನಮ್ಮ ಮನೆಯ ಬೆಕ್ಕು ಬೆಳ್ಳಿ ಸತ್ತದ್ದು ನನಗೆ ಗೊತ್ತಾದದ್ದು ಒಂಬತ್ತು ದಿನಗಳ ಮೇಲೆ. ಭಾನುವಾರದ ವಿಡಿಯೊ ಕಾಲ್‌ನಲ್ಲಿ ಎಂದಿನಂತೆ ‘ಬೆಳ್ಳಿ ಎಲ್ಲಿ?’ ಎಂದು ಕೇಳಿದೆ. ಹಿಂದಿನ ವಾರ ‘ಅಟ್ಟದ ಮೇಲೆ ಮಲಗಿದೆ’ ಎಂದಿದ್ದ ಆಯಿ ಈ ಸಲ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, ‘ಬೆಳ್ಳಿ ಹೋತು, ತಮಾ. ನಿಂಗೆ ಕೆಲ್ಸ ಜೋರಿತ್ತಲ, ಅದಕ್ಕೇ ಹೇಳಿದ್ನಿಲ್ಲೆ.’

ಆ ವಾರ ನಮ್ಮ ತಂಡದ ಸಾಫ್ಟ್‌ವೇರ್ ಬಿಡುಗಡೆ ಇದ್ದದ್ದು ನಿಜ. ಆದರೆ ನಾಚಿಕೆಯಾಗುವುದು ನಾನು ಕೊಟ್ಟ ಉತ್ತರಕ್ಕೆ. ಹದಿನೇಳು ವರ್ಷ ಬದುಕಿತಲ್ಲ, ವಯಸ್ಸಾಗಿತ್ತು, ಎಲ್ಲಾದರೂ ಮರಿ ಸಿಕ್ಕರೆ ಇನ್ನೊಂದು ತಂದುಕೋ ಎಂದುಬಿಟ್ಟೆ. ಆಯಿ ‘ಹ್ಞೂಂ’ ಎಂದು ಅಡಿಕೆ ಕೊಯ್ಲಿನ ವಿಷಯ ತೆಗೆದಳು.

ಅಹಮದಾಬಾದಿನಲ್ಲಿ ನಾನಿರುವ ಬಡಾವಣೆಯ ಹೆಸರೇ ಸ್ಯಾಟಲೈಟ್. ಇಸ್ರೊದ ಬಾಹ್ಯಾಕಾಶ ಅನ್ವಯಿಕ ಕೇಂದ್ರ ಇಲ್ಲಿರುವುದರಿಂದ ಬಂದ ಹೆಸರು. 1975–76ರ ‘ಸೈಟ್’ ಪ್ರಯೋಗದಲ್ಲಿ ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ಟಿ.ವಿ. ಕಾರ್ಯಕ್ರಮಗಳು ಅಮೆರಿಕದ ಉಪಗ್ರಹವೊಂದರ ಮೂಲಕ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆಯ ಹಳ್ಳಿಗಳಿಗೂ ತಲುಪುತ್ತಿದ್ದವು. ಈಗ ಅದೇ ಊರಿನಲ್ಲಿ ಕೂತು ಶಿರಸಿ ಪಕ್ಕದ ನಮ್ಮ ಮನೆಯ ಜಗುಲಿಯನ್ನು ಅಂಗೈಯಲ್ಲಿ ನೋಡುತ್ತೇನೆ. ಆದರೆ ಫೋನು ತೋರಿಸುವುದು ಆಯಿ ಅದನ್ನು ಹಿಡಿದ ಕಡೆಯನ್ನು ಮಾತ್ರ.

ಬೆಳ್ಳಿ ಬಂದದ್ದು ನಾನು ಪಿಯುಸಿ ಓದುವಾಗ, ಒಂದು ಮಳೆಗಾಲ, ಬಚ್ಚಲೊಲೆಯ ಬೂದಿಯ ಬೆಚ್ಚಗಿಗೆ. ನಾನು ಬಿ.ಇ.ಗೆಂದು ಹೋದೆ, ಸುರತ್ಕಲ್ಲಿಗೆ ಎಂಟೆಕ್‌ಗೆಂದು ಹೋದೆ, ನೌಕರಿಗೆಂದು ಗುಜರಾತಿಗೆ ಬಂದೆ. ತಂಗಿ ಮದುವೆಯಾಗಿ ಹೋದಳು. ನಾಲ್ಕು ವರ್ಷದ ಹಿಂದೆ ಅಪ್ಪಯ್ಯ ಹೋದ. ಆ ಮನೆಯಿಂದ ಎಲ್ಲಿಗೂ ಹೋಗದೆ ಉಳಿದದ್ದು ಬೆಕ್ಕು ಒಂದೇ. ಬೆಳಿಗ್ಗೆ ಐದಕ್ಕೆ ಆಯಿಯನ್ನು ಎಬ್ಬಿಸುತ್ತಿತ್ತು. ಅವಳು ದೋಸೆ ಎರೆಯುವಾಗ ಪಕ್ಕದಲ್ಲಿ ಕೂರುತ್ತಿತ್ತು. ಕರೆಂಟು ಹೋದ ರಾತ್ರಿ ಅವಳ ಕಾಲ ಬುಡದಲ್ಲಿ ಮಲಗುತ್ತಿತ್ತು. ದಿನವಿಡೀ ಆಯಿ ಯಾರ ಜೊತೆಗಾದರೂ ಮಾತಾಡುತ್ತಿದ್ದರೆ ಅದು ಬೆಕ್ಕಿನ ಜೊತೆ. ನಾನು ವಾರಕ್ಕೆ ಇಪ್ಪತ್ತು ನಿಮಿಷ ಮಾಡುತ್ತಿದ್ದ ಕೆಲಸವನ್ನು ಅದು ದಿನವೂ ಮಾಡುತ್ತಿತ್ತು. ‘ಇನ್ನೊಂದು ತಂದುಕೋ’ ಎಂದಾಗ ಇದ್ಯಾವುದೂ ನನ್ನ ತಲೆಗೆ ಬರಲಿಲ್ಲ.

ಕನ್ನಡದಲ್ಲೂ ಬೆಕ್ಕಿಗೆ ಒಳ್ಳೆಯ ಹೆಸರಿಲ್ಲ ಬಿಡಿ. ಹಸುವಿಗೆ ಪುಣ್ಯಕೋಟಿ ಇದ್ದಾಳೆ, ನಾಯಿಗೆ ತೇಜಸ್ವಿಯವರ ಕಿವಿ ಇದೆ. ಬೆಕ್ಕಿಗೆ ಇರುವುದು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ, ಅಡ್ಡ ಬಂದರೆ ಅಪಶಕುನ. ಪ್ರಾಚೀನ ಈಜಿಪ್ಟಿನಲ್ಲಿ ಮನೆಯ ಬೆಕ್ಕು ಸತ್ತರೆ ಮನೆಯವರೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರು ಎಂದು ಹೆರೊಡೋಟಸ್ ಬರೆದಿದ್ದಾನೆ. ನಮ್ಮಲ್ಲಿ ಅತ್ತರೆ ‘ಬೆಕ್ಕು ತಾನೇ’ ಎನ್ನುತ್ತಾರೆ. ಸೂತಕವಿಲ್ಲ, ಹನ್ನೊಂದನೆಯ ದಿನವಿಲ್ಲ, ಮಾತಾಡಿಸಲು ಬರುವವರಿಲ್ಲ. ಸಮಾಜ ಲೆಕ್ಕಕ್ಕೆ ಹಿಡಿಯದ ಇಂಥ ದುಃಖದ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ಪುಸ್ತಕವನ್ನೇ ತಂದರು. ಇಂಥ ದುಃಖವನ್ನು ಬಚ್ಚಿಟ್ಟುಕೊಳ್ಳಬೇಕಾಗಿ ಬರುವುದರಿಂದಲೇ ಅದು ಇನ್ನಷ್ಟು ಭಾರವಾಗುತ್ತದೆ. ಆಯಿ ಒಂಬತ್ತು ದಿನ ಮಾಡಿದ್ದು ಅದನ್ನೇ.

ನನಗೆ ಬುದ್ಧಿ ಬಂದದ್ದು ಪಕ್ಕದ ಫ್ಲ್ಯಾಟಿನ ಜೈನ ಮಾಸಿಯಿಂದ. ಲಿಫ್ಟಿನಲ್ಲಿ ಸುಮ್ಮನೆ ವಿಷಯ ಹೇಳಿದೆ. ಅವರು ಕೇಳಿದ್ದು ಎರಡೇ: ಬೆಕ್ಕಿನ ಹೆಸರೇನು? ಅಮ್ಮ ಊಟ ಮಾಡುತ್ತಿದ್ದಾರಾ? ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮುದಿಯಾದ, ಕಾಯಿಲೆಬಿದ್ದ ಪ್ರಾಣಿಗಳನ್ನು ಕೊನೆಯವರೆಗೆ ಸಾಕುವ ಪಾಂಜರಾಪೋಳ್‌ಗಳ ಊರು ಇದು. ನಮ್ಮ ಸಮೀಪದ ಒಂದು ವೃತ್ತಕ್ಕೆ ಅದೇ ಹೆಸರಿದೆ. ದಿನವೂ ಅಲ್ಲಿ ಸಿಗ್ನಲ್ಲಿಗೆ ನಿಲ್ಲುವ ನಾನು ಆ ಹೆಸರಿನ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಅಂದು ರಾತ್ರಿ ಮತ್ತೆ ಫೋನ್ ಮಾಡಿದೆ. ಕೊನೆಯ ದಿನಗಳ ವಿಷಯ ಕೇಳಿದೆ. ಎರಡು ತಿಂಗಳಿಂದ ಬೆಳ್ಳಿ ವಿಪರೀತ ನೀರು ಕುಡಿಯುತ್ತಿತ್ತಂತೆ, ಬೆನ್ನುಮೂಳೆ ಕೈಗೆ ಸಿಗುವಷ್ಟು ಬಡಕಲಾಗಿತ್ತಂತೆ. ಮೂತ್ರಪಿಂಡ ಹೋಗಿದೆ ಎಂದರಂತೆ ದನದ ಡಾಕ್ಟರು. ವಯಸ್ಸಾದ ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯ. ಮೂತ್ರಪಿಂಡದ ಮುಕ್ಕಾಲು ಭಾಗ ಕೆಲಸ ನಿಲ್ಲಿಸುವವರೆಗೆ ಕ್ರಿಯಾಟಿನಿನ್ ಪರೀಕ್ಷೆಯಲ್ಲೂ ಸುಳಿವು ಸಿಗುವುದು ಕಷ್ಟ. ನಿಮ್ಮ ಊರಮನೆಯಲ್ಲಿ ಹತ್ತು ದಾಟಿದ ಬೆಕ್ಕಿದ್ದರೆ, ಮುಂದಿನ ಸಲ ಫೋನ್ ಮಾಡಿದಾಗ ಅದು ಎಷ್ಟು ನೀರು ಕುಡಿಯುತ್ತದೆ ಎಂದು ಕೇಳಿ. ಬೇಗ ಗೊತ್ತಾದರೆ ಆಹಾರದಿಂದ, ಚರ್ಮದಡಿ ಕೊಡುವ ದ್ರವದಿಂದ ಒಂದಷ್ಟು ಕಾಲ ಹಾಯಾಗಿ ಇಡಬಹುದು.

ಮನೆಯವರಿಗೂ ಒಂದು ಮಾತು: ನಮಗೆ ತೊಂದರೆಯಾಗುತ್ತದೆಂದು ಸುದ್ದಿ ಬಚ್ಚಿಡಬೇಡಿ. ಇವತ್ತು ಬೆಕ್ಕಿನದ್ದನ್ನು ಮುಚ್ಚಿಟ್ಟವರು ನಾಳೆ ತಮ್ಮ ಎದೆನೋವನ್ನೂ ಮುಚ್ಚಿಡುತ್ತಾರೆ ಎಂಬ ಭಯ ನನಗೆ ಆ ದಿನದಿಂದ ಹೋಗಿಲ್ಲ. ಅವರು ಹಾಗೆ ಮುಚ್ಚಿಡುವುದನ್ನು ಕಲಿತದ್ದು, ‘ಮೀಟಿಂಗ್‌ನಲ್ಲಿದ್ದೇನೆ’ ಎಂದು ನಾವು ಫೋನ್ ಇಟ್ಟ ಸಲಗಳಿಂದಲೇ ಎಂಬುದನ್ನೂ ಒಪ್ಪಬೇಕು.

ಆ ರಾತ್ರಿ ಆಯಿ ನಲವತ್ತು ನಿಮಿಷ ಮಾತಾಡಿದಳು. ಬೆಳ್ಳಿ ಒಮ್ಮೆ ಅಪ್ಪಯ್ಯನ ಅಡಿಕೆ ಚೀಲದ ಮೇಲೆ ಮರಿ ಹಾಕಿ, ಅವನು ಹದಿನೈದು ದಿನ ಆ ಚೀಲ ಮುಟ್ಟದೆ ಬಿಟ್ಟಿದ್ದನಂತೆ. ನನಗೆ ಈ ಕಥೆ ಗೊತ್ತೇ ಇರಲಿಲ್ಲ. ಅದನ್ನು ಹಿತ್ತಲಿನ ಪೇರಲೆ ಗಿಡದ ಬುಡದಲ್ಲಿ ಹೂಳಿದ್ದಾಳೆ, ಹೊಂಡ ತೆಗೆದದ್ದು ತೋಟದ ಕೆಲಸಕ್ಕೆ ಬರುವವನು. ತಟ್ಟೆಯನ್ನು ಇನ್ನೂ ತೊಳೆದಿಟ್ಟಿಲ್ಲವಂತೆ.

ಹುಬ್ಬಳ್ಳಿಗೆ ಟಿಕೆಟ್ ತೆಗೆಸಿದ್ದೇನೆ. ವೇಟಿಂಗ್ ಲಿಸ್ಟ್ 14. ರಜೆಯ ಅರ್ಜಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ‘ಮನೆಯಲ್ಲಿ ಸಾವು’ ಎಂದೇ ಬರೆದೆ.