‘ನಮ್ಮ ಕೈಲಿಲ್ಲ’ ಎಂದು ಬರೆದುಕೊಡಿ

ಕ್ಷೇತ್ರಕಾರ್ಯದ ಮೊದಲ ವಾರ. ಮುದ್ದೇನಹಳ್ಳಿಯ ಆಸುಪಾಸಿನ ಒಂದು ಊರಿನ ಅರಳಿಕಟ್ಟೆಯ ಮೇಲೆ ಪಂಚಾಯ್ತಿ ಸದಸ್ಯರೊಬ್ಬರ ಜೊತೆ ಕೂತಿದ್ದೆ. ಇಂಗ್ಲಿಷ್ ಪುಸ್ತಕಗಳನ್ನು ಓದಿ ತಯಾರಿಸಿಕೊಂಡ ಪ್ರಶ್ನಾವಳಿ ಕೈಯಲ್ಲಿತ್ತು. ಆ ಪುಸ್ತಕಗಳಲ್ಲಿ ಸ್ಥಳೀಯ ಸಂಸ್ಥೆಗಳು ಆರೋಗ್ಯ ಸೇವೆಯನ್ನೂ ವೃದ್ಧರ, ವಿಕಲಚೇತನರ ಆರೈಕೆಯನ್ನೂ ‘ಕಮಿಷನ್’ ಮಾಡುತ್ತವೆ. ಅಂದರೆ ಊರಿಗೆ ಏನು ಬೇಕೆಂದು ಲೆಕ್ಕ ಹಾಕುತ್ತವೆ, ಆ ಕೆಲಸವನ್ನು ಯಾರಿಗೆ ವಹಿಸಬೇಕೆಂದು ತೀರ್ಮಾನಿಸುತ್ತವೆ, ದುಡ್ಡು ಕೊಡುತ್ತವೆ, ಕೆಲಸ ಆಯಿತೋ ಇಲ್ಲವೋ ನೋಡುತ್ತವೆ. ಆ ಪದಕ್ಕೆ ಕನ್ನಡ ಹೊಳೆಯದೆ ನಾನು ಹಾಗೆಯೇ ಕೇಳಿಬಿಟ್ಟೆ: ‘ನಿಮ್ಮ ಪಂಚಾಯ್ತಿ ಆರೋಗ್ಯ ಸೇವೆ ಕಮಿಷನ್ ಮಾಡುತ್ತಾ?’

ಅವರು ಹೊಟ್ಟೆ ತುಂಬ ನಕ್ಕರು. ‘ಕಮಿಷನ್ ಎಲ್ಲ ರೋಡು, ಚರಂಡಿ ಕೆಲ್ಸದಲ್ಲಿ ಕಣಮ್ಮ. ಆಸ್ಪತ್ರೇಲಿ ನಮಗೇನು ಸಿಗುತ್ತೆ?’

ಅವರ ತಮಾಷೆಯಲ್ಲಿ ನನ್ನ ಪ್ರಶ್ನಾವಳಿಯಲ್ಲಿ ಇಲ್ಲದ ಒಂದು ಸತ್ಯವಿತ್ತು. ನಲವತ್ತು ಪರ್ಸೆಂಟಿನ ಗಲಾಟೆ ಕೇಳಿ ಬೆಳೆದ ನಮ್ಮ ತಲೆಮಾರಿಗೆ ಆ ಪದಕ್ಕೆ ಇರುವುದು ಒಂದೇ ಅರ್ಥ. ಆ ಇನ್ನೊಂದು ಅರ್ಥ ನಮ್ಮ ಹಳ್ಳಿಗಳಲ್ಲಿ ಹುಟ್ಟಲೇ ಇಲ್ಲ. ಏಕೆಂದರೆ ಆ ಕೆಲಸವನ್ನೇ ನಮ್ಮ ಪಂಚಾಯ್ತಿಗೆ ಯಾರೂ ಕೊಟ್ಟಿಲ್ಲ. ಈ ಲೇಖನ ಆ ಕೊಡದೆ ಉಳಿಸಿಕೊಂಡ ಕೆಲಸದ ಬಗ್ಗೆ.

ಇದು ನನಗೆ ಬರೀ ಪಿಎಚ್‌ಡಿ ವಿಷಯವಲ್ಲ. ಎರಡು ವರ್ಷದ ಹಿಂದೆ ನಮ್ಮಜ್ಜಿಗೆ ಲಕ್ವ ಹೊಡೆಯಿತು. ಧರ್ಮಾಸ್ಪತ್ರೆಯೊಂದರಲ್ಲಿ ಚೆನ್ನಾಗಿ ನೋಡಿಕೊಂಡರು, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಹನ್ನೊಂದನೆಯ ದಿನ ಮನೆಗೆ ಕಳಿಸಿದರು. ಕಷ್ಟ ಶುರುವಾದದ್ದು ಅಲ್ಲಿಂದ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಕೈಕಾಲಿಗೆ ವ್ಯಾಯಾಮ ಮಾಡಿಸಬೇಕು, ಗಂಜಿ ಕುಡಿಸುವಾಗ ನೆತ್ತಿಗೆ ಹತ್ತದಂತೆ ನೋಡಿಕೊಳ್ಳಬೇಕು. ಇದನ್ನೆಲ್ಲ ಕಲಿಸುವವರು ಯಾರು? ಗುಲಾಬಿ ತೋಟದಲ್ಲಿ ಹೂ ಬಿಡಿಸುವ ಕೂಲಿಗೆ ಹೋಗುತ್ತಿದ್ದ ಅಮ್ಮ ಕೆಲಸ ಬಿಟ್ಟರು. ಮೂರನೇ ತಿಂಗಳಿಗೆ ಅಜ್ಜಿಯ ಸೊಂಟದ ಹತ್ತಿರ ಹಾಸಿಗೆ ಹುಣ್ಣಾಯಿತು. ಆಶಾ ಅಕ್ಕ ದಾರಿಯಲ್ಲಿ ಹೋಗುವಾಗ ಬಂದು ಡ್ರೆಸ್ಸಿಂಗ್ ಮಾಡಿ ಹೋಗುತ್ತಿದ್ದರು. ಅದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ, ಅದಕ್ಕೆ ಅವರಿಗೆ ಬಿಡಿಗಾಸೂ ಸಿಗುತ್ತಿರಲಿಲ್ಲ. ಅಜ್ಜಿ ಮೇಲಿನ ಪ್ರೀತಿಗೆ ಬರುತ್ತಿದ್ದರು, ಅಷ್ಟೆ.

ನಾನು ಪಂಚಾಯ್ತಿ ಕಚೇರಿಗೆ ಹೋಗಿ, ಮನೆಗೆ ಬಂದು ನೋಡುವವರು ಯಾರಾದರೂ ಸಿಗುತ್ತಾರಾ ಎಂದು ಕೇಳಿದೆ. ‘ಅದು ನಮ್ಮ ಕೈಲಿಲ್ಲಮ್ಮ, ಹೆಲ್ತ್‌ನವರದು’ ಎಂದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ‘ನಮಗೆ ಆ ಥರ ಪೋಸ್ಟೇ ಇಲ್ಲ, ತಾಲ್ಲೂಕಲ್ಲಿ ಕೇಳಿ’ ಎಂದರು. ತಾಲ್ಲೂಕಿನಲ್ಲಿ ಜಿಲ್ಲೆ ಎಂದರು. ಯಾರೂ ಒರಟಾಗಿ ಮಾತಾಡಲಿಲ್ಲ. ಎಲ್ಲರೂ ಕೂರಿಸಿ, ನೀರು ಕೊಟ್ಟು, ತಮ್ಮ ಕೈಲಿಲ್ಲ ಎಂದೇ ಹೇಳಿದರು.

ಹಾಗಾದರೆ ಯಾರ ಕೈಲಿದೆ? ಸಂವಿಧಾನವನ್ನು ಕೇಳಿದರೆ ಪಂಚಾಯ್ತಿಯತ್ತ ಬೊಟ್ಟು ಮಾಡುತ್ತದೆ. 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಪಂಚಾಯ್ತಿಗಳಿಗೆ ವಹಿಸಬಹುದಾದ 29 ವಿಷಯಗಳ ಹನ್ನೊಂದನೇ ಅನುಸೂಚಿ ಅದರ ಜೊತೆಗೇ ಬಂತು. 23ನೆಯದು ಆರೋಗ್ಯ ಮತ್ತು ನೈರ್ಮಲ್ಯ. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಅದರಲ್ಲಿ ಸೇರಿವೆ. 26ನೆಯದು ಸಮಾಜ ಕಲ್ಯಾಣ. ವಿಕಲಚೇತನರ ಕಲ್ಯಾಣ ಅದರೊಳಗೆ. ಪಟ್ಟಿಯ ಪ್ರಕಾರ ಅಜ್ಜಿಯ ಹುಣ್ಣು ಪಂಚಾಯ್ತಿಯ ವಿಷಯವೇ.

ಇನ್ನು ದುಡ್ಡು. ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಎಂಬುದೊಂದಿದೆ. ಪಂಚಾಯ್ತಿ ಸದಸ್ಯರು ಅದರ ಅಧ್ಯಕ್ಷರು, ಆಶಾ ಕಾರ್ಯಕರ್ತೆ ಅದರ ಕಾರ್ಯದರ್ಶಿ. ಊರಿಗೆ ಬೇಕಾದ್ದನ್ನು ಊರೇ ತೀರ್ಮಾನಿಸಲಿ ಎಂದು ಅದಕ್ಕೆ ನಿಗದಿ ಮಾಡಿದ ಮುಕ್ತ ನಿಧಿ ವರ್ಷಕ್ಕೆ 10,000 ರೂಪಾಯಿ. ದಿನಕ್ಕೆ 28 ರೂಪಾಯಿಯೂ ಆಗುವುದಿಲ್ಲ. ಇತ್ತ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ‘ಸ್ಥಳೀಯ ಸಂಸ್ಥೆಗಳ ಮೂಲಕ’ ಆರೋಗ್ಯಕ್ಕೆಂದು ದೇಶಕ್ಕೆ ಶಿಫಾರಸು ಮಾಡಿದ್ದು 70,051 ಕೋಟಿ. ನಾನು ಮಾತಾಡಿಸಿದ ಪಂಚಾಯ್ತಿ ಸದಸ್ಯರಲ್ಲಿ ಒಬ್ಬರಿಗೂ ತಮ್ಮ ಹೆಸರಲ್ಲಿ ಇಂಥದೊಂದು ಅನುದಾನ ಇದೆ ಎಂಬುದೇ ಗೊತ್ತಿರಲಿಲ್ಲ.

ಪಂಚಾಯ್ತಿಯ ಕೈಯಲ್ಲೇ ಇರುವ ಇನ್ನೊಂದು ದುಡ್ಡಿದೆ. ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು. ಹೇಗೆ ಖರ್ಚಾಗುತ್ತದೆ? ನಾನು ನೋಡಿದ ಕಡೆ ಮಾರ್ಚ್ ಬಂದಾಗ ಅವಸರದಲ್ಲಿ ಪಟ್ಟಿ ತಯಾರಾಗುತ್ತದೆ, ಯಾವುದೋ ಒಂದು ಸಾಮಾನು ಬರುತ್ತದೆ, ಫೋಟೊ ತೆಗೆಯುತ್ತಾರೆ. ನಡೆಯಲಾಗದವರಿಗೂ ಕಣ್ಣು ಕಾಣದವರಿಗೂ ಅದೇ ಸಾಮಾನು. ಇದು ಸದಸ್ಯರ ಕೆಟ್ಟತನವಲ್ಲ. ಸಾಮಾನಿಗೆ ಬಿಲ್ ಇದೆ, ಕೊಟೇಶನ್ ಇದೆ, ಆಡಿಟ್‌ನವರು ಬಂದರೆ ಎಣಿಸಿ ತೋರಿಸಬಹುದು. ಮುದುಕಿಯೊಬ್ಬಳ ಮಗ್ಗುಲು ಬದಲಿಸಿದ್ದಕ್ಕೆ ಯಾವ ಅಂಗಡಿಯ ಬಿಲ್ ಹಚ್ಚುವುದು? ನಮ್ಮ ಪಂಚಾಯ್ತಿಗೆ ಫ್ಯಾನು ಕೊಳ್ಳುವುದನ್ನು ಹೇಳಿಕೊಟ್ಟಿದ್ದೇವೆ, ಆರೈಕೆಯನ್ನು ಏರ್ಪಡಿಸುವುದನ್ನು ಹೇಳಿಕೊಟ್ಟಿಲ್ಲ.

ಆರೈಕೆ ಮಾಡುವವರನ್ನಾದರೂ ನೋಡಿ. ಕರ್ನಾಟಕದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರಿದ್ದಾರೆ. ಕಾಗದದಲ್ಲಿ ಅವರು ಸ್ವಯಂಸೇವಕಿಯರು. ಅವರಿಗೆ ಸಿಗುವುದು ಸಂಬಳವಲ್ಲ, ‘ಗೌರವಧನ’ ಮತ್ತು ‘ಪ್ರೋತ್ಸಾಹಧನ’. ಸಾಹಿತ್ಯ ಓದುವ ನಾವು ಈ ಪದಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಕೂಲಿ ಕಡಿಮೆ ಕೊಡಬೇಕಾದಾಗಲೇ ಗೌರವದ ಮಾತು ಬರುತ್ತದೆ. ಹಕ್ಕು ಕೇಳಬಾರದವರಿಗೆ ‘ಫಲಾನುಭವಿ’ ಎಂದು ಹೆಸರಿಡುತ್ತೇವೆ. 2025ರ ಜನವರಿಯ ಚಳಿಯಲ್ಲಿ ಇದೇ ಆಶಾ ಅಕ್ಕಂದಿರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಅವರು ಕೆಲಸ ಮಾಡುವುದು ನಮ್ಮೂರಿನಲ್ಲಿ, ಅವರ ಕೆಲಸ ಗೊತ್ತಿರುವುದು ನಮಗೆ. ಆದರೆ ಅವರು ನ್ಯಾಯ ಕೇಳಲು ಬೆಂಗಳೂರಿಗೇ ಹೋಗಬೇಕಾಯಿತು. ಊರಲ್ಲಿ ಅವರಿಗೆ ಉತ್ತರ ಕೊಡಬಲ್ಲ ಒಬ್ಬರೂ ಇರಲಿಲ್ಲ.

ಇದು ಮೊದಲಿಂದ ಹೀಗೇ ಇತ್ತು ಎಂದುಕೊಳ್ಳಬೇಡಿ. ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಸೆಪ್ಟೆಂಬರ್ 15 ಬಂದರೆ ಇಲ್ಲಿ ಹಾರಗಳಿಗೆ ಬರವಿಲ್ಲ. ಭಾಷಣಗಳಲ್ಲಿ ಕನ್ನಂಬಾಡಿ ಬರುತ್ತದೆ, ಭದ್ರಾವತಿ ಬರುತ್ತದೆ. ಅವರ ದಿವಾನಗಿರಿಯ ಕೊನೆಯ ವರ್ಷವಾದ 1918ರಲ್ಲೇ ಮೈಸೂರು ಸಂಸ್ಥಾನ ಸ್ಥಳೀಯ ಬೋರ್ಡುಗಳ ಮತ್ತು ಗ್ರಾಮ ಪಂಚಾಯ್ತಿಗಳ ಕಾಯ್ದೆ ಮಾಡಿತ್ತು ಎಂಬುದು ಮಾತ್ರ ಬರುವುದಿಲ್ಲ. ಅಣೆಕಟ್ಟಿಗೆ ಹಾರ ಹಾಕುವುದು ಸುಲಭ. ಪಂಚಾಯ್ತಿಗೆ ಹಾಕಬೇಕಾದರೆ ಹಾರದ ಜೊತೆ ಖಜಾನೆಯ ಬೀಗದ ಕೈಯನ್ನೂ ಕೊಡಬೇಕಾಗುತ್ತದೆ.

ಒಂದು ಸಲ ಕೊಟ್ಟೂ ನೋಡಿದ್ದೆವು. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ 1983ರ ಕಾಯ್ದೆ ಬಂತು, 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಅವರ ಆಡಳಿತಕ್ಕೆ ಬಂದವು. ಡಾಕ್ಟರು ಬರದಿದ್ದರೆ ಕೇಳಲು ಜನರಿಗೆ ಜಿಲ್ಲೆಯಲ್ಲೇ ಒಬ್ಬರು ಚುನಾಯಿತರು ಸಿಕ್ಕರು. ಆಮೇಲಿನದು ಒಂದೊಂದಾಗಿ ವಾಪಸ್ ಕಿತ್ತುಕೊಂಡ ಕಥೆ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. ಮತ ಹಾಕದೆ ಕಳೆದ ಆ ವರ್ಷಗಳ ಬಗ್ಗೆ ಎಷ್ಟು ಕಥೆ, ಎಷ್ಟು ಕವಿತೆ ಬಂದಿದೆ?

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಪಂಚಾಯ್ತಿಗೆ ಕೊಟ್ಟರೆ ಅಲ್ಲೂ ಕಮಿಷನ್ ಹೊಡೆಯುತ್ತಾರೆ, ಅಧ್ಯಕ್ಷರ ನಾದಿನಿಗೆ ಕೆಲಸ ಕೊಡುತ್ತಾರೆ, ಆರೈಕೆಗೆ ಬಂದವರು ದಲಿತರ ಕೇರಿಗೆ ಕಾಲಿಡದೆ ಹೋಗುತ್ತಾರೆ. ಈ ಭಯ ಸುಳ್ಳಲ್ಲ. ನಾನು ಈ ಊರುಗಳಲ್ಲೇ ಬೆಳೆದವಳು. ಆದರೆ ಇದೇ ಪಂಚಾಯ್ತಿ ನೀರುಗಂಟಿಯನ್ನು ಇಟ್ಟುಕೊಂಡಿದೆ. ಅವನು ಒಂದು ದಿನ ನೀರು ಬಿಡದಿದ್ದರೆ ಬೆಳಗ್ಗೆ ಏಳಕ್ಕೆ ಸದಸ್ಯರ ಮನೆ ಮುಂದೆ ಕೊಡಗಳು ಸಾಲು ನಿಲ್ಲುತ್ತವೆ. 2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯ್ತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ಯಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಪಂಚಾಯ್ತಿಯದೇ. ಮಗುವನ್ನು ನಂಬಿ ಒಪ್ಪಿಸಬಹುದಾದ ಸಂಸ್ಥೆಗೆ ಮುದುಕಿಯನ್ನು ಒಪ್ಪಿಸಬಾರದೇಕೆ? ಬೆಂಗಳೂರಿನ ಟೆಂಡರಿನಲ್ಲಿ ಭ್ರಷ್ಟಾಚಾರ ಇಲ್ಲ ಎಂದು ಯಾರೂ ಹೇಳುವುದಿಲ್ಲ. ಅಲ್ಲಿಗೆ ಕೊಡ ಹಿಡಿದು ಹೋಗಿ ನಿಲ್ಲಲಾಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಬರೀ ಅಧಿಕಾರ ಕೊಟ್ಟರೆ ಸಾಲದು ಎಂಬುದಕ್ಕೆ ನನ್ನ ಪ್ರಶ್ನಾವಳಿ ಹುಟ್ಟಿದ ಇಂಗ್ಲೆಂಡೇ ಸಾಕ್ಷಿ. ಅಲ್ಲಿನ ಕೌನ್ಸಿಲ್‌ಗಳು ಆರೈಕೆಯನ್ನು ಕೊಳ್ಳುವ ಪದ್ಧತಿ ಪೂರ್ತಿಯಾಗಿ ಜಾರಿಯಾದದ್ದು, ಕಾಕತಾಳೀಯವೆಂಬಂತೆ, 1993ರ ಏಪ್ರಿಲ್‌ನಲ್ಲೇ. ಕೌನ್ಸಿಲ್‌ಗಳು ಖಾಸಗಿ ಕಂಪನಿಗಳಿಂದ ಅಗ್ಗದ ದರಕ್ಕೆ ಕೊಳ್ಳುತ್ತ ಹೋದವು. ಕೊನೆಗೆ ಹದಿನೈದು ನಿಮಿಷದಲ್ಲಿ ಎಬ್ಬಿಸಿ, ತೊಳೆದು, ತಿನ್ನಿಸಿ ಓಡಬೇಕಾದ, ಮನೆಯಿಂದ ಮನೆಗೆ ಹೋಗುವ ಹೊತ್ತಿಗೆ ಕೂಲಿಯೇ ಸಿಗದ ಹೆಂಗಸರು ಉಳಿದರು. ಆರೈಕೆಯನ್ನು ಕೊಳ್ಳುವುದೇ ಬೇರೆ, ಹೊಣೆ ಹೊರುವುದೇ ಬೇರೆ.

ಹೊಣೆ ಹೊರುವುದನ್ನು ನೋಡಬೇಕಾದರೆ ನಮ್ಮವರೇ ಇರುವ ಕಾಸರಗೋಡಿಗೆ ಹೋಗಬೇಕು. ಕೇರಳ 1990ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಪಂಚಾಯ್ತಿಗೆ ಒಪ್ಪಿಸಿತು, ಯೋಜನಾ ಹಣದ ಮೂರನೇ ಒಂದಕ್ಕೂ ಹೆಚ್ಚು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. 2008ರಲ್ಲಿ ಉಪಶಾಮಕ ಆರೈಕೆಯ ನೀತಿ ತಂದಿತು. ಹಾಸಿಗೆ ಹಿಡಿದವರ ಮನೆಗೆ ತರಬೇತಿ ಪಡೆದ ನರ್ಸ್ ಬರುತ್ತಾರೆ. ಆ ನರ್ಸನ್ನು, ವಾಹನವನ್ನು ಏರ್ಪಾಡು ಮಾಡುವುದು ಪಂಚಾಯ್ತಿ. ಬೌದ್ಧಿಕ ವೈಕಲ್ಯವಿರುವ ಮಕ್ಕಳಿಗೆ ‘ಬಡ್ಸ್’ ಶಾಲೆಗಳಿವೆ, ಅವೂ ಸ್ಥಳೀಯ ಸಂಸ್ಥೆಗಳವೇ. ಎಂಡೋಸಲ್ಫಾನ್ ಸುರಿದ ಎಣ್ಮಕಜೆಯಂಥ ಊರುಗಳ ಜನ ಪರಿಹಾರಕ್ಕಾಗಿ ದಶಕಗಟ್ಟಲೆ ಬೀದಿಯಲ್ಲಿ ಹೋರಾಡಬೇಕಾಯಿತು, ಕೇರಳ ಸ್ವರ್ಗವಲ್ಲ. ಆದರೂ ಹಾಸಿಗೆ ಹಿಡಿದ ಕನ್ನಡದ ಅಜ್ಜಿಯೊಬ್ಬಳಿಗೆ ಗಡಿಯ ಆಚೆ ಸಿಗುವ ನರ್ಸ್ ಗಡಿಯ ಈಚೆ ಸಿಗುವುದಿಲ್ಲ.

ಮುದ್ದೇನಹಳ್ಳಿಯಲ್ಲಿ ಈಗ ಉಚಿತ ಚಿಕಿತ್ಸೆಯ ಆಸ್ಪತ್ರೆಯಿದೆ; ಉಚಿತ ವೈದ್ಯಕೀಯ ಕಾಲೇಜನ್ನು 2023ರ ಮಾರ್ಚ್‌ನಲ್ಲಿ ಪ್ರಧಾನಿಯೇ ಬಂದು ಉದ್ಘಾಟಿಸಿದರು. ಕೊಡುವವರಿಗೆ ಕೈ ಮುಗಿಯುತ್ತೇನೆ, ಅದರಲ್ಲಿ ನನಗೆ ಸಂಕೋಚವಿಲ್ಲ. ಆದರೆ ದಾನಕ್ಕೆ ಕೈ ಮುಗಿಯಬಹುದೇ ಹೊರತು ಲೆಕ್ಕ ಕೇಳಲಾಗುವುದಿಲ್ಲ. ದಾನ ಎಲ್ಲಿ ಬೇಕೋ ಅಲ್ಲಿ ಹುಟ್ಟುತ್ತದೆ, ದಾನಿ ಇಲ್ಲದ ಊರಿನ ಮುದುಕಿಯೂ ಮುದುಕಿಯೇ. ರಾಜ್ಯದ ಸುಮಾರು ಆರು ಸಾವಿರ ಗ್ರಾಮ ಪಂಚಾಯ್ತಿಗಳಲ್ಲೂ ಇರುವುದು ಗ್ರಾಮಸಭೆ ಒಂದೇ.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಪಂಚಾಯ್ತಿಗೂ ಹಾಸಿಗೆ ಹಿಡಿದವರ ಮನೆಗೆ ಹೋಗುವ, ತರಬೇತಿ ಪಡೆದ ಒಬ್ಬರು ಬೇಕು. ಅವರಿಗೆ ಗೌರವಧನವಲ್ಲ, ಸಂಬಳ ಕೊಡಬೇಕು. ಶೇ. 5ರ ದುಡ್ಡನ್ನು ಸಾಮಾನಿಗಷ್ಟೇ ಅಲ್ಲ, ಆರೈಕೆಯ ದುಡಿಮೆಗೂ ಖರ್ಚು ಮಾಡಬಹುದು ಎಂದು ಸ್ಪಷ್ಟವಾದ ಆದೇಶ ಬರಬೇಕು. ಯಾವ ಕೇರಿಗೆ ಎಷ್ಟು ಭೇಟಿ ಆಯಿತು ಎಂಬುದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ದಲಿತರ ಕೇರಿಯ ಲೆಕ್ಕವನ್ನು ಮೊದಲು ಓದಬೇಕು. ಆಸ್ಪತ್ರೆಗಳನ್ನು ನಡೆಸುವ ಜಿಲ್ಲಾ ಪಂಚಾಯ್ತಿಯಲ್ಲಿ ನಾವು ಆರಿಸಿದವರು ಕೂರಬೇಕು.

ಅಜ್ಜಿ ಹೋದ ಕಾರ್ತಿಕದಲ್ಲಿ ತೀರಿಕೊಂಡರು. ಹುಣ್ಣು ಕೊನೆಯವರೆಗೂ ಮಾಯಲಿಲ್ಲ. ಅಮ್ಮ ಮತ್ತೆ ಹೂ ಬಿಡಿಸಲು ಹೋಗುತ್ತಿದ್ದಾರೆ. ನಮ್ಮ ಬೀದಿಯಲ್ಲೇ ಈಗ ಇನ್ನೊಬ್ಬರು ಹಾಸಿಗೆ ಹಿಡಿದಿದ್ದಾರೆ. ಅವರ ಸೊಸೆ ರೇಷ್ಮೆ ಕೆಲಸ ಬಿಟ್ಟಿದ್ದಾಳೆ. ಮುಂದಿನ ಗ್ರಾಮಸಭೆಗೆ ನಾವಿಬ್ಬರೂ ಸೇರಿ ಒಂದು ಅರ್ಜಿ ಕೊಡುತ್ತಿದ್ದೇವೆ: ಇವರ ಆರೈಕೆಗೆ ಪಂಚಾಯ್ತಿ ಏನು ವ್ಯವಸ್ಥೆ ಮಾಡುತ್ತದೆ ತಿಳಿಸಿ, ಆಗದಿದ್ದರೆ, ಇದು ನಮ್ಮ ಕೈಲಿಲ್ಲ ಎಂದು ಬರೆದು, ಯಾರ ಕೈಲಿದೆ ಎಂಬುದನ್ನೂ ಬರೆದು, ಸಹಿ, ಮೊಹರು ಹಾಕಿ ಕೊಡಿ. ನಿಮ್ಮೂರಿನ ಗ್ರಾಮಸಭೆಯಲ್ಲೂ ಇಂಥದೊಂದು ಅರ್ಜಿ ಕೊಡಿ. ಬಾಯಲ್ಲಿ ಹೇಳುವಷ್ಟು ಸಲೀಸಾಗಿ ಆ ಮಾತನ್ನು ಕಾಗದದ ಮೇಲೆ ಬರೆಯುತ್ತಾರಾ, ನೋಡೋಣ.