ರ‍್ಯಾಮ್ ಎಷ್ಟು ಬೇಕು ಸ್ವಾಮಿ?

ನಮ್ಮ ಕೋಲಾರದ ಕಡೆ ಕಾಲೇಜು ಹುಡುಗರು ಲ್ಯಾಪ್‌ಟಾಪ್ ತಗೊಳ್ಳೋ ಮುಂಚೆ ಬೆಂಗಳೂರಲ್ಲಿ ಐಟಿ ಕೆಲಸದಲ್ಲಿರೋ ಯಾರಾದರೂ ಅಣ್ಣನಿಗೆ ಫೋನ್ ಮಾಡ್ತಾರೆ. "ಅಣ್ಣಾ, ರ‍್ಯಾಮ್ ಎಷ್ಟಿರಬೇಕು?" ಅಣ್ಣ ಯೋಚನೆ ಕೂಡ ಮಾಡಲ್ಲ. "32 ಜಿಬಿ ತಗೋ, ಮುಂದಕ್ಕೂ ಆಗುತ್ತೆ" ಅಂದುಬಿಡ್ತಾನೆ. ಹುಡುಗ ಏನು ಓದ್ತಿದ್ದಾನೆ, ದುಡ್ಡು ಎಲ್ಲಿಂದ ಬರುತ್ತೆ, ಊಹೂಂ, ಒಂದೂ ಕೇಳಲ್ಲ. ನಾನೂ ಅದೇ ಫೀಲ್ಡಿನವನೇ. ಆದರೂ ಹೇಳ್ತೀನಿ, ಇದು ಸಲಹೆ ಅಲ್ಲ, ಬೇಜವಾಬ್ದಾರಿ.

ಅಂಗಡಿಯವರು ಇನ್ನೊಂದು ಥರ. "512 ಜಿಬಿ ಮೆಮೊರಿ ಇದೆ ಸಾರ್" ಅಂತಾರೆ. ಅದು ಡಿಸ್ಕು! ನಮ್ಮೂರಿನ ಲೆಕ್ಕದಲ್ಲಿ ಹೇಳೋದಾದ್ರೆ ಡಿಸ್ಕು ಗೋಡೌನು, ರ‍್ಯಾಮ್ ಎಪಿಎಂಸಿಯ ಹರಾಜು ಅಂಗಳ. ಅಂಗಳ ಸಣ್ಣದಾದ್ರೆ ಟೊಮೆಟೊ ಬಾಕ್ಸುಗಳು ಗೋಡೌನಿಗೂ ಅಂಗಳಕ್ಕೂ ಓಡಾಡ್ತಾನೇ ಇರಬೇಕು, ಕೆಲಸ ನಿಧಾನ. ಬಂದ ಮಾಲಿಗೆ ಅಂಗಳ ಸಾಕಾದ ಮೇಲೆ? ಇನ್ನೂ ಎರಡು ಎಕರೆ ಸೇರಿಸಿದ್ರೂ ಹರಾಜು ಬೇಗ ಮುಗಿಯಲ್ಲ. ಖಾಲಿ ಬಿದ್ದಿರೋ ರ‍್ಯಾಮ್ ಕೂಡ ಅಷ್ಟೇ.

ಹಾಗಾದ್ರೆ ಎಷ್ಟು ಬೇಕು? ಮಾಲೂರಿನಿಂದ ದಿನಾ ರೈಲಲ್ಲಿ ಓಡಾಡಿ ಬಿಕಾಂ ಓದೋ ಹುಡುಗಿಗೆ ಎಕ್ಸೆಲ್ಲು, ಬ್ರೌಸರಲ್ಲಿ ಹತ್ತು ಟ್ಯಾಬು, ಆನ್‌ಲೈನ್ ಕ್ಲಾಸು. 8 ಜಿಬಿ ಸಾಕು. ಮುಳಬಾಗಿಲಿನ ಎಂಜಿನಿಯರಿಂಗ್ ಹುಡುಗನಿಗೆ 16. ಆಂಡ್ರಾಯ್ಡ್ ಸ್ಟುಡಿಯೋನ ಎಮ್ಯುಲೇಟರ್ ಸಮೇತ ಓಡಿಸೋಕೆ ಗೂಗಲ್ಲೇ ಕನಿಷ್ಠ 16 ಅನ್ನುತ್ತೆ. 32 ಬೇಕಾಗೋದು ಭಾರೀ ವಿಡಿಯೋ ಎಡಿಟಿಂಗು, ಒಟ್ಟಿಗೆ ಮೂರ್ನಾಲ್ಕು ವರ್ಚುವಲ್ ಮಷೀನು, ತನ್ನ ಮಷೀನಲ್ಲೇ ದೊಡ್ಡ ಎಐ ಮಾಡೆಲ್ ಓಡಿಸೋರಿಗೆ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳೋ ಕನಿಷ್ಠ 4 ಜಿಬಿಯನ್ನ ಮಾತ್ರ ನಂಬಬೇಡಿ. ಅದು ಆನ್ ಆಗೋಕೆ ಬೇಕಾದಷ್ಟು, ಕೆಲಸ ಮಾಡೋಕಲ್ಲ.

ಜಿಬಿಗಿಂತ ಮುಖ್ಯವಾದ ಪ್ರಶ್ನೆ ಒಂದಿದೆ, ಅದನ್ನ ಯಾರೂ ಕೇಳಲ್ಲ: ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದಾರಾ, ಇಲ್ಲಾ ಸ್ಲಾಟ್ ಇದೆಯಾ? ತೆಳ್ಳಗಿರೋ ಎಷ್ಟೋ ಮಾಡೆಲ್ಲುಗಳಲ್ಲಿ ಬೆಸುಗೆಯೇ. ತಗೊಂಡ ದಿನ ಎಷ್ಟಿತ್ತೋ ಸಾಯೋವರೆಗೂ ಅಷ್ಟೇ. ಸ್ಲಾಟ್ ಇದ್ರೆ ಇವತ್ತು 8, ಬೇಕಾದಾಗ ಇನ್ನೊಂದು 8. ಬೆಸುಗೆಯದ್ದೇ ತಗೊಳ್ಳೋದಾದ್ರೆ ಮಾತ್ರ 16ಕ್ಕಿಂತ ಕೆಳಗೆ ಹೋಗಬೇಡಿ.

ಇದನ್ನ ಈಗ ಹೇಳೋಕೆ ಕಾರಣ ಇದೆ. 2025ರ ಕೊನೇ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿತು. ಎಐ ಡೇಟಾ ಸೆಂಟರುಗಳು ಚಿಪ್ಪುಗಳನ್ನ ನುಂಗ್ತಿವೆ. ಮೈಕ್ರಾನ್ ಕಂಪನಿಯಂತೂ ಕ್ರೂಷಿಯಲ್ ಹೆಸರಲ್ಲಿ ಜನಸಾಮಾನ್ಯರಿಗೆ ಮಾರೋದನ್ನೇ ನಿಲ್ಲಿಸ್ತೀವಿ ಅಂತ ಆ ಡಿಸೆಂಬರಲ್ಲಿ ಘೋಷಿಸಿತು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿದಾಗ "ಇರಲಿ" ಅಂತ ಯಾರಾದ್ರೂ ಎರಡು ಬಾಕ್ಸ್ ಮನೆಗೆ ಒಯ್ದರಾ? ರೇಟ್ ಏರಿದಾಗ ಬೇಕಾದಷ್ಟೇ ಕೊಳ್ಳೋದು ನಮ್ಮ ಜನಕ್ಕೆ ಗೊತ್ತು. ಲ್ಯಾಪ್‌ಟಾಪ್ ಅಂದ ತಕ್ಷಣ ಆ ಬುದ್ಧಿ ಯಾಕೆ ಬಿಡಬೇಕು?

ಅಸಲಿ ಸಿಟ್ಟು ಇಲ್ಲಿದೆ. ನಾವು ಬ್ಲಾಗಿಗರು ಮೂರು ಸಾವಿರ ಅಕ್ಷರ, ಚಿಹ್ನೆಗಳ ಪೋಸ್ಟ್ ಬರೆದ್ರೆ ಯೂನಿಕೋಡ್ ಕನ್ನಡದಲ್ಲಿ, ಯುಟಿಎಫ್-8 ಲೆಕ್ಕಕ್ಕೆ ಒಂದೊಂದಕ್ಕೆ 3 ಬೈಟಿನಂತೆ, ಸುಮಾರು 9 ಕೆಬಿ. ಅಷ್ಟನ್ನ ತೋರಿಸೋಕೆ ಬ್ರೌಸರಿನ ಒಂದು ಟ್ಯಾಬು ನೂರಾರು ಎಂಬಿ ತಿನ್ನಬಹುದು! ಒಂದು ಚಾಟ್ ಆ್ಯಪ್ ಒಳಗೆ ಇಡೀ ಬ್ರೌಸರನ್ನೇ ತುರುಕಿ ಕಳಿಸೋದು ನಮ್ಮ ವೃತ್ತಿಯಲ್ಲಿ ಮಾಮೂಲು. ಬರೆಯೋನಿಗೆ ಸುಲಭ, ಕಂಪನಿಗೆ ಉಳಿತಾಯ. ಬಿಲ್ ಕಟ್ಟೋದು ಯಾರು? ಶ್ರೀನಿವಾಸಪುರದಲ್ಲಿ ಮಾವಿನ ಫಸಲು ಮಾರಿ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸೋ ಅಪ್ಪ. ನಮ್ಮ ಸೋಮಾರಿತನದ ಬಾಡಿಗೆ ಅವರು ಯಾಕೆ ಕಟ್ಟಬೇಕು ಹೇಳಿ?

ಅದಕ್ಕೇ, ಇನ್ಮೇಲೆ ಯಾರಾದ್ರೂ ಫೋನ್ ಮಾಡಿದ್ರೆ ಅಂಕಿ ಹೇಳೋಕೆ ಮುಂಚೆ ಮೂರು ಪ್ರಶ್ನೆ ಕೇಳಿ. ಏನು ಕೆಲಸ? ಸ್ಲಾಟ್ ಇದೆಯಾ? ಈಗಿರೋ ಮಷೀನಲ್ಲಿ ಎಲ್ಲಾ ತೆರೆದಿಟ್ಟು ಕಂಟ್ರೋಲ್-ಶಿಫ್ಟ್-ಎಸ್ಕೇಪ್ ಒತ್ತಿದ್ರೆ ಮೆಮೊರಿ ಎಷ್ಟು ಖರ್ಚಾಗಿದೆ ಅಂತ ತೋರಿಸುತ್ತೆ? ಮಷೀನೇ ಇಲ್ಲದೋರು ಕಾಲೇಜು ಲ್ಯಾಬಲ್ಲಿ ನೋಡಲಿ. ಐದು ನಿಮಿಷದ ಕೆಲಸ. ಉಳಿದ ದುಡ್ಡಲ್ಲಿ ಒಂದು ಸೆಮಿಸ್ಟರಿನ ಬಸ್ ಪಾಸ್ ಆದ್ರೂ ಬರುತ್ತೆ.

32 ಬೇಕೇ ಬೇಕು ಅನ್ನೋರು ಇದ್ದೀರಾ? ಯಾಕೆ ಅಂತ ಹೇಳಿ, ಜಗಳ ಆಡೋಣ :-)